ಕಡಲಪಾಚಿಯಲ್ಲಿ ಕ್ಯಾನ್ಸರ್‌ಗೆ ಔಷಧಿ ಇದೆಯಾ? ಲ್ಯಾಬ್‌ನಿಂದ ರೋಗಿಯ ತನಕದ ದಾರಿ ಬಗ್ಗೆ ಮಾತಾಡೋಣ

ಉಪ್ಪುನೀರು:

ವಾಟ್ಸಾಪ್‌ನಲ್ಲಿ ಮತ್ತೆ ಆ ಸುದ್ದಿ ಓಡಾಡುತ್ತಿದೆ. ಕಡಲಪಾಚಿಯ ರಸ ಕ್ಯಾನ್ಸರ್ ಕೋಶಗಳನ್ನು ಸಾಯಿಸುತ್ತದಂತೆ, ಇನ್ನು ಮೇಲೆ ಕೀಮೋ ಬೇಡವಂತೆ. ಮೊದಲ ಮಾತಿನಲ್ಲಿ ಹುರುಳಿದೆ. ಎರಡನೆಯದನ್ನು ನಂಬಿ ಯಾರಾದರೂ ಚಿಕಿತ್ಸೆ ಬಿಟ್ಟರೆ ಜೀವಕ್ಕೇ ಕುತ್ತು. ನಾನು ಗಿಡ, ಪಾಚಿಗಳಿಂದ ರಾಸಾಯನಿಕ ಬೇರ್ಪಡಿಸುವ ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ಈ ವಿಷಯ ನನಗೆ ತುಂಬಾ ಹತ್ತಿರದ್ದು. ಒಂದು ಪಾಚಿಯ ಕಥೆ ಹೇಳಿ ಚರ್ಚೆ ಶುರು ಮಾಡುತ್ತೇನೆ.

ಪೋರ್ಟಿಯೇರಿಯಾ ಹಾರ್ನೆಮಾನಿ ಅಂತ ಒಂದು ಕೆಂಪು ಪಾಚಿ ಇದೆ. ಹಿಂದೂ ಮಹಾಸಾಗರ, ಪೆಸಿಫಿಕ್ ಎರಡರಲ್ಲೂ ಬೆಳೆಯುತ್ತದೆ. ಚಪ್ಪಟೆ ಕವಲುಗಳ ಸಣ್ಣ ಪೊದೆ, ಕವಲಿನ ತುದಿ ಒಳಕ್ಕೆ ಸುರುಳಿ ಸುತ್ತಿಕೊಂಡಿರುತ್ತದೆ. ಹಿಸುಕಿದರೆ ಘಾಟು ವಾಸನೆ. ಫಿಲಿಪ್ಪೀನ್ಸ್‌ನ ಬಟಾನ್ ದ್ವೀಪದಲ್ಲಿ 1980ರ ದಶಕದಲ್ಲಿ ಕಿತ್ತು ತಂದ ಈ ಪಾಚಿಯ ಸಾರ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ತಲುಪಿತು. ಅಲ್ಲಿ 1990ರಿಂದ ಒಂದು ಪದ್ಧತಿ ನಡೆಯುತ್ತಿದೆ. ಮನುಷ್ಯರ ಗೆಡ್ಡೆಗಳಿಂದ ಬೆಳೆಸಿದ 60 ಬಗೆಯ ಕೋಶಗಳ ಮೇಲೆ ಸಾರವನ್ನು ಹಾಕಿ ನೋಡುತ್ತಾರೆ. ಎಲ್ಲವನ್ನೂ ಒಂದೇ ಸಮ ಸಾಯಿಸಿದರೆ ಅದು ಬರೀ ವಿಷ, ಅದರಲ್ಲಿ ಆಸಕ್ತಿ ಕಡಿಮೆ. ಕೆಲವನ್ನು ಸಾಯಿಸಿ ಕೆಲವನ್ನು ಬಿಟ್ಟರೆ ಎಲ್ಲರ ಕಿವಿ ನೆಟ್ಟಗಾಗುತ್ತದೆ.

ಈ ಪಾಚಿ ಹಾಗೆ ಮಾಡಿತು. ಮಿದುಳು, ಮೂತ್ರಪಿಂಡ, ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳಿಗೆ ಜಾಸ್ತಿ ತಾಗಿತು. ರಕ್ತ ಕ್ಯಾನ್ಸರಿನ ಕೋಶಗಳು ಅಷ್ಟಾಗಿ ಬಗ್ಗಲಿಲ್ಲ. ಕೆಲಸ ಮಾಡಿದ ಅಣುವಿಗೆ ಹ್ಯಾಲೊಮಾನ್ ಅಂತ ಹೆಸರಿಟ್ಟು 1992ರಲ್ಲಿ ಪ್ರಕಟಿಸಿದರು. 10 ಇಂಗಾಲದ ಪುಟ್ಟ ಅಣು, ಅದರ ಮೇಲೆ 3 ಕ್ಲೋರಿನ್, 2 ಬ್ರೋಮಿನ್. ನೆಲದ ಗಿಡಗಳಲ್ಲಿ ಇಂಥದ್ದು ಸಿಗುವುದು ಬಹಳ ಅಪರೂಪ.

ಮುಂದಿನ ಹಂತದ ಪರೀಕ್ಷೆಗೆ ಆಯ್ಕೆಯೂ ಆಯಿತು. ಕಷ್ಟ ಶುರುವಾದದ್ದು ಅಲ್ಲಿಂದ. ಪ್ರಾಣಿಗಳ ಮೇಲೆ ಸರಿಯಾಗಿ ಪರೀಕ್ಷೆ ಮಾಡಲು ಗ್ರಾಂಗಟ್ಟಲೆ ಶುದ್ಧ ವಸ್ತು ಬೇಕು. ಅದೇ ಜಾತಿಯ ಪಾಚಿಯನ್ನು ಮತ್ತೆ ಹುಡುಕಿ ತಂದರೆ ಹ್ಯಾಲೊಮಾನ್ ಇರುವುದಿಲ್ಲ, ಇಲ್ಲವೇ ಅದರ ಜಾಗದಲ್ಲಿ ಬೇರೆ ಅಣು ಇರುತ್ತದೆ. ಒಂದೇ ಜಾಗದಲ್ಲಿ ಬೆಳೆದ ಗಿಡಗಳಲ್ಲೂ ಬೀಜಕ ಬಿಡುವ ಹಂತದ್ದರ ರಸಾಯನ ಬೇರೆ, ಗಂಡು ಹೆಣ್ಣು ಹಂತದ್ದರ ರಸಾಯನ ಬೇರೆ ಅಂತ 2011ರ ಅಧ್ಯಯನ ತೋರಿಸಿತು. ಲ್ಯಾಬ್‌ನಲ್ಲೇ ಕಟ್ಟೋಣ ಅಂದರೆ ಆ ಕ್ಲೋರಿನ್, ಬ್ರೋಮಿನ್‌ಗಳನ್ನು ಸರಿಯಾದ ಜಾಗದಲ್ಲಿ, ಸರಿಯಾದ ದಿಕ್ಕಿನಲ್ಲಿ ಕೂರಿಸಬೇಕು. ಸ್ಟ್ಯಾನ್‌ಫರ್ಡ್‌ನ ತಂಡ ಅದನ್ನು ಚೊಕ್ಕವಾಗಿ ಮಾಡಿ ತೋರಿಸಿದ್ದು 2015ರಲ್ಲಿ. ಹ್ಯಾಲೊಮಾನ್ ಇವತ್ತಿಗೂ ಔಷಧಿ ಆಗಿಲ್ಲ.

ನಾನು ಹೇಳಬೇಕಾದ್ದು ಇದು. ಕೋಶ ಸಾಯಿಸುವುದು ಈ ದಾರಿಯಲ್ಲಿ ಸುಲಭದ ಭಾಗ. ವಸ್ತು ಸಾಕಷ್ಟು ಸಿಗಬೇಕು, ಪ್ರತಿ ಸಲ ಒಂದೇ ಥರ ಇರಬೇಕು, ಗೆಡ್ಡೆ ಇರುವಲ್ಲಿಗೆ ಹೋಗಬೇಕು, ಉಳಿದ ದೇಹವನ್ನು ಬಿಡಬೇಕು. ಕಡಲಪಾಚಿಯಿಂದ ಔಷಧಿ ಬರುತ್ತದಾ ಇಲ್ಲವಾ ಅನ್ನುವುದು ನಿರ್ಧಾರವಾಗುವುದು ಅಲ್ಲಿ.

ಬಂಡೆಬುಡ:

ಮೇಡಂ, ನಮ್ಮದು ಮಲ್ಪೆ ಹತ್ತಿರ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಬಂಡೆಗಳ ಮೇಲೆ ಪಾಚಿ ಹುಲುಸಾಗಿ ಬರುತ್ತದೆ. ಇಳಿತದ ಹೊತ್ತಿಗೆ ಹೋದರೆ ಮೇಲ್ಗಡೆ ತೆಳ್ಳಗಿನ ಹಸಿರು ಹಾಳೆಯಂಥದ್ದು, ಕಾಲಿಟ್ಟರೆ ಜಾರುತ್ತದೆ. ಕೆಳಗಡೆ ಕಂದು ಬಣ್ಣದ್ದು. ಅದರ ಎಲೆ ಪಕ್ಕದಲ್ಲಿ ಸಣ್ಣ ಸಣ್ಣ ಗಾಳಿಗುಳ್ಳೆ ಇರುತ್ತವೆ, ಒತ್ತಿದರೆ ಟಪ್ ಅಂತ ಒಡೆಯುತ್ತವೆ. ಬಲೆಗೆ ಸಿಕ್ಕಿಕೊಂಡರೆ ಬಿಡಿಸುವುದೇ ದೊಡ್ಡ ಕೆಲಸ. ಹಿಂದೊಮ್ಮೆ ಯಾರೋ ಬಂದು ಇದು ಕ್ಯಾನ್ಸರಿನ ಮದ್ದಿಗೆ ಬೇಕು, ಒಣಗಿಸಿ ಕೊಡಿ, ಒಳ್ಳೆ ರೇಟು ಕೊಡುತ್ತೇವೆ ಅಂದಿದ್ದರು. ಮತ್ತೆ ಅವರ ಪತ್ತೆಯೇ ಇಲ್ಲ. ನಮ್ಮ ಪಾಚಿಯಲ್ಲೂ ಮದ್ದು ಉಂಟಾ?

ಉಪ್ಪುನೀರು:

ಬಂಡೆಬುಡ ಅಣ್ಣ, ನೀವು ಹೇಳಿದ ಹಸಿರು ಹಾಳೆ ಬಹುಶಃ ಉಲ್ವಾ ಅನ್ನುವ ಪಾಚಿಯ ಜಾತಿಯದ್ದು. ಗಾಳಿಗುಳ್ಳೆ ಇರುವ ಕಂದು ಪಾಚಿ ಸರ್ಗ್ಯಾಸಮ್. ಸರ್ಗ್ಯಾಸಮ್‌ನಲ್ಲಿ ಫ್ಯೂಕೊಯ್ಡಾನ್ ಅನ್ನುವ ಅಂಟುವಸ್ತು ಇದೆ. ಕ್ಯಾನ್ಸರ್ ಸಂಶೋಧನೆಯಲ್ಲಿ ಜಾಸ್ತಿ ಕೇಳಿಬರುವ ಹೆಸರು ಅದೇ. ಆದರೆ ಭಾರತದಲ್ಲಿ ಈಗ ಪಾಚಿ ಕೊಳ್ಳುವವರಿಗೆ ಬೇಕಾಗಿರುವುದು ಔಷಧಿಯಲ್ಲ. ಸರ್ಗ್ಯಾಸಮ್‌ನಿಂದ ಆಲ್ಜಿನೇಟ್, ಗ್ರಾಸಿಲೇರಿಯಾದಂಥ ಕೆಂಪು ಪಾಚಿಗಳಿಂದ ಅಗರ್, ಕಪ್ಪಾಫೈಕಸ್‌ನಿಂದ ಕ್ಯಾರಜೀನನ್ ತೆಗೆಯುತ್ತಾರೆ. ಮೂರೂ ಮಂದ ಮಾಡುವ ಅಂಟುಗಳು. ಐಸ್‌ಕ್ರೀಂ, ಟೂತ್‌ಪೇಸ್ಟ್, ಬಟ್ಟೆ ಅಚ್ಚು, ಲ್ಯಾಬ್ ಪ್ಲೇಟು ಇವಕ್ಕೆಲ್ಲ ಅದು ಬೇಕು. ತಮಿಳುನಾಡಿನ ರಾಮನಾಥಪುರಂ ಕಡೆ ಎಷ್ಟೋ ಹೆಣ್ಣುಮಕ್ಕಳ ಸಂಸಾರ ಈ ಪಾಚಿಯಿಂದಲೇ ನಡೆಯುತ್ತದೆ. ಅಲ್ಲಿ ಪಾಚಿ ಬೆಳೆಸುವ ವಿಧಾನದ ಹಿಂದೆ ಭಾವನಗರದ ಕೇಂದ್ರ ಉಪ್ಪು ಮತ್ತು ಕಡಲ ರಾಸಾಯನಿಕ ಸಂಶೋಧನಾ ಸಂಸ್ಥೆಯ ಕೆಲಸ ಇದೆ.

ಕ್ಯಾನ್ಸರ್ ಹೆಸರು ಹೇಳಿ ಕೊಳ್ಳಲು ಬಂದವರನ್ನು ಯಾವ ಕಂಪನಿ, ಎಲ್ಲಿಗೆ ಹೋಗುತ್ತದೆ, ಲೈಸೆನ್ಸ್ ಇದೆಯಾ ಅಂತ ಕೇಳಿ. ಮುಂಗಡ ತೆಗೆದುಕೊಳ್ಳದೆ ಬಂಡೆ ಬೋಳಿಸಬೇಡಿ. ಸಣ್ಣ ಮೀನು, ಸಿಗಡಿ ಮರಿಗಳು ಅಡಗಿ ಬೆಳೆಯುವುದು ಅದರ ಮಧ್ಯದಲ್ಲೇ. ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಧಾರವಾಡ ಎಂಎಸ್ಸಿ:

ಎರಡು ಪ್ರಶ್ನೆ ಇದೆ ಮೇಡಂ. ಒಂದು, ಪಾಚಿಗೆ ಕ್ಯಾನ್ಸರ್ ಬರುವುದಿಲ್ಲ, ಹಾಗಿದ್ದರೂ ಅದು ಕ್ಯಾನ್ಸರ್ ಕೋಶ ಸಾಯಿಸುವ ವಸ್ತು ಯಾಕೆ ಮಾಡುತ್ತದೆ? ಎರಡು, ನಾನು ಓದುವ ಪೇಪರುಗಳಲ್ಲಿ ಒಂದು ಮಿಲಿಲೀಟರಿಗೆ 200 ಮೈಕ್ರೋಗ್ರಾಂ ಸಾರ ಹಾಕಿದಾಗ ಅರ್ಧ ಕೋಶ ಸತ್ತವು ಅಂತ ಬರೆದು, ಪ್ರಬಲ ಕ್ಯಾನ್ಸರ್ ನಿರೋಧಕ ಅಂತ ಮುಗಿಸುತ್ತಾರೆ. ಇದು ನಿಜಕ್ಕೂ ಒಳ್ಳೆಯ ಫಲಿತಾಂಶವೇ?

ಉಪ್ಪುನೀರು:

ಮೊದಲನೆಯದು. ಪಾಚಿ ಕಲ್ಲಿಗೆ ಅಂಟಿಕೊಂಡು ಕೂತಿದೆ, ಓಡಿಹೋಗಲಾರದು. ಮೀನು ಬಂದು ಮೇಯುತ್ತದೆ, ಬ್ಯಾಕ್ಟೀರಿಯಾ ಹತ್ತಿಕೊಳ್ಳುತ್ತದೆ, ಬೇರೆ ಪಾಚಿಯ ಬೀಜಕ ಮೈಮೇಲೆ ಮೊಳೆಯುತ್ತದೆ. ಅದಕ್ಕಿರುವ ಆಯುಧ ರಸಾಯನ ಒಂದೇ. ಸುತ್ತ ಸಾಮಾನು ಬೇಕಾದಷ್ಟಿದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 19 ಗ್ರಾಂ ಕ್ಲೋರೈಡ್, ಸುಮಾರು 65 ಮಿಲಿಗ್ರಾಂ ಬ್ರೋಮೈಡ್ ಇರುತ್ತದೆ. ವನೇಡಿಯಂ ಅನ್ನುವ ಲೋಹ ಇರುವ ಒಂದು ಕಿಣ್ವ ಆ ಬ್ರೋಮೈಡನ್ನು ಚುರುಕುಗೊಳಿಸಿ ಇಂಗಾಲದ ಅಣುವಿಗೆ ಅಂಟಿಸುತ್ತದೆ. ಮೀನಿನ ಬಾಯಿಗೆ ಸೇರದ ಆ ಅಣು ನಮ್ಮ ಕೋಶದೊಳಗಿನ ಯಾವುದೋ ಪ್ರೋಟೀನಿಗೂ ತಾಗಿದರೆ ಅದು ನಮ್ಮ ಅದೃಷ್ಟ. ಪಾಚಿ ಅದನ್ನು ನಮಗಾಗಿ ಮಾಡಿದ್ದಲ್ಲ.

ಎರಡನೆಯದಕ್ಕೆ ಒಂದು ಲೆಕ್ಕ ಹಾಕೋಣ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಮಿಲಿಲೀಟರಿಗೆ 200 ಮೈಕ್ರೋಗ್ರಾಂ ಬೇಕು ಅಂದರೆ ಒಟ್ಟು 1 ಗ್ರಾಂ ವಸ್ತು ಒಂದೇ ಹೊತ್ತಿಗೆ ರಕ್ತದಲ್ಲಿ ಕರಗಿ ನಿಂತಿರಬೇಕು. ನುಂಗಿದ್ದರಲ್ಲಿ ಕರುಳು ಸ್ವಲ್ಪವನ್ನೇ ಒಳಗೆ ಬಿಡುತ್ತದೆ, ಅದನ್ನೂ ಯಕೃತ್ತು ಮುರಿದು ಹಾಕುತ್ತದೆ. ಹಾಗಾಗಿ ಆ ಮಟ್ಟ ಮುಟ್ಟುವುದು ಆಗದ ಮಾತು. ಕಚ್ಚಾ ಸಾರವಾದರೆ ಮಿಲಿಲೀಟರಿಗೆ 20 ಮೈಕ್ರೋಗ್ರಾಂ ಆಸುಪಾಸು, ಶುದ್ಧ ಅಣುವಾದರೆ ಅದಕ್ಕಿಂತ ತುಂಬಾ ಕಡಿಮೆಯಲ್ಲಿ ಕೆಲಸ ಮಾಡಿದರೆ ಮಾತ್ರ ಮುಂದೆ ಹೋಗುವುದು ವಾಡಿಕೆ. 200 ಅಂದರೆ ಅಲ್ಲಿಗೇ ನಿಲ್ಲಿಸಬಹುದು.

ಇನ್ನೊಂದು ಮಾತು. ಈ ಪರೀಕ್ಷೆಯನ್ನು ಹೇಗೆ ಮಾಡುತ್ತಾರೆ ಗೊತ್ತಲ್ವಾ? 96 ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಕೋಶ ಹಾಕಿ, ಸಾರ ಹಾಕಿ, ಕೊನೆಗೆ ಎಂಟಿಟಿ ಅನ್ನುವ ಹಳದಿ ಬಣ್ಣ ಹಾಕುತ್ತೇವೆ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ಗಾಢ ನೇರಳೆ ಬಂದ ಗುಳಿಯಲ್ಲಿ ಕೋಶ ಚೆನ್ನಾಗಿದೆ, ಹಳದಿ ಉಳಿದಲ್ಲಿ ಸತ್ತಿದೆ. ಕಂದು ಪಾಚಿಯ ಸಾರ ಸ್ವತಃ ಬಣ್ಣದ್ದು. ಅದರಲ್ಲಿರುವ ಪಾಲಿಫೀನಾಲ್‌ಗಳು ಕೋಶದ ಸಹಾಯವೇ ಇಲ್ಲದೆ ಎಂಟಿಟಿಯನ್ನು ನೇರಳೆ ಮಾಡಬಲ್ಲವು. ಕೋಶವೇ ಇಲ್ಲದ ಗುಳಿಗೂ ಸಾರ ಹಾಕಿ ಹೋಲಿಸಿದ್ದಾರಾ ಅಂತ ಪೇಪರಿನಲ್ಲಿ ನೋಡು. ಕ್ಯಾನ್ಸರ್ ಅಲ್ಲದ ಮಾಮೂಲಿ ಕೋಶದ ಮೇಲೂ ಹಾಕಿದ್ದಾರಾ ನೋಡು. ಇವೆರಡೂ ಇಲ್ಲದಿದ್ದರೆ ಆ ಫಲಿತಾಂಶಕ್ಕೆ ನಾನು ಬೆಲೆ ಕೊಡುವುದಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿದರೂ ತಟ್ಟೆಯಲ್ಲಿ ಕೋಶ ಸಾಯುತ್ತದೆ.

ಒಸಾಕಾ ಕನ್ನಡಿಗ:

ನಾನಿರುವುದು ಜಪಾನಿನಲ್ಲಿ. ಇಲ್ಲಿ ಫ್ಯೂಕೊಯ್ಡಾನ್ ಪುಡಿ, ಕ್ಯಾಪ್ಸೂಲ್, ಕುಡಿಯುವ ಬಾಟಲಿ ಎಲ್ಲ ಸಿಗುತ್ತವೆ. ಒಕಿನಾವಾದ ಮೊಝುಕು ಪಾಚಿಯಿಂದ ತೆಗೆದದ್ದು ಫೇಮಸ್. ಬೆಲೆ ಜಾಸ್ತಿ. ಊರಿಂದ ನೆಂಟರು ಫೋನ್ ಮಾಡಿ ತಂದುಕೊಡು ಅನ್ನುತ್ತಾರೆ. ಜಪಾನಿನವರು ದಿನಾ ಪಾಚಿ ತಿನ್ನುತ್ತಾರೆ, ಅದಕ್ಕೇ ಅವರಿಗೆ ಕ್ಯಾನ್ಸರ್ ಬರುವುದಿಲ್ಲ ಅನ್ನುವ ಮಾತೂ ಜೊತೆಗೆ ಬರುತ್ತದೆ. ಇದಕ್ಕೆ ಏನು ಹೇಳಲಿ?

ವಾರ್ಡ್ ಡ್ಯೂಟಿ:

ನಾನು ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡುವ ವೈದ್ಯ. ಜಪಾನಿನವರಿಗೆ ಕ್ಯಾನ್ಸರ್ ಬರುವುದಿಲ್ಲ ಅನ್ನುವುದು ಸುಳ್ಳು. ಹೊಟ್ಟೆಯ ಕ್ಯಾನ್ಸರ್ ಜಾಸ್ತಿ ಇರುವ ದೇಶಗಳಲ್ಲಿ ಜಪಾನ್, ಕೊರಿಯಾ ಮುಂಚೂಣಿಯಲ್ಲಿವೆ. ಎರಡೂ ಕಡೆ ಪಾಚಿ ದಿನದ ಊಟ. ಸ್ತನ ಕ್ಯಾನ್ಸರ್ ಅಲ್ಲಿ ಹಿಂದೆ ಕಡಿಮೆ ಇದ್ದದ್ದು ನಿಜ. ಆದರೆ ಅದಕ್ಕೆ ತೂಕ, ಊಟ, ಹೆರಿಗೆ, ಎದೆಹಾಲು ಹೀಗೆ ಹತ್ತಾರು ಕಾರಣ ಇರಬಹುದು. ಪಾಚಿಯೊಂದನ್ನೇ ಬೇರ್ಪಡಿಸಿ ಹೇಳಲಾಗದು. 2012ರಲ್ಲಿ ಪ್ರಕಟವಾದ ಜಪಾನಿನ ದೊಡ್ಡ ಅಧ್ಯಯನವೊಂದು, ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚೂಕಮ್ಮಿ ದಿನವೂ ಪಾಚಿ ತಿನ್ನುವವರಿಗೆ ಒಂದು ಬಗೆಯ ಥೈರಾಯ್ಡ್ ಕ್ಯಾನ್ಸರ್ ಜಾಸ್ತಿ ಕಂಡಿತು ಅಂತ ಹೇಳಿತು. ಆಮೇಲಿನ ಇನ್ನೊಂದು ಜಪಾನಿ ಅಧ್ಯಯನದಲ್ಲಿ ಆ ಸಂಬಂಧ ಕಾಣಲಿಲ್ಲ. ಊಟದ ಪಾಚಿ ಕ್ಯಾನ್ಸರ್ ತರುತ್ತದೆ ಅಂತಲೂ ಹೆದರಿಸಬೇಡಿ, ತಡೆಯುತ್ತದೆ ಅಂತಲೂ ಮಾರಬೇಡಿ.

ಉಪ್ಪುನೀರು:

ಫ್ಯೂಕೊಯ್ಡಾನ್ ಬಗ್ಗೆ ಸೇರಿಸುತ್ತೇನೆ. 1913ರಲ್ಲಿ ಸ್ವೀಡನ್ನಿನ ಹರಾಲ್ಡ್ ಕೈಲಿನ್ ಕಂದು ಪಾಚಿಗಳಿಂದ ಇದನ್ನು ಮೊದಲು ತೆಗೆದರು. ಫ್ಯೂಕೋಸ್ ಅನ್ನುವ ಸಕ್ಕರೆಯ ಉದ್ದ ಸರಪಳಿ, ಅದಕ್ಕೆ ಅಲ್ಲಲ್ಲಿ ಸಲ್ಫೇಟ್ ಅಂಟಿರುತ್ತದೆ. ಇದು ಒಂದು ವಸ್ತುವಿನ ಹೆಸರಲ್ಲ, ಒಂದು ಕುಟುಂಬದ ಹೆಸರು. ಮಾವು ಅಂದರೆ ರಸಪುರಿಯೂ ಹೌದು, ತೋತಾಪುರಿಯೂ ಹೌದು ಅಲ್ವಾ, ಹಾಗೆ. ಮೊಝುಕುವಿನದು ಬೇರೆ, ಸರ್ಗ್ಯಾಸಮ್‌ನದು ಬೇರೆ. ಕಿತ್ತ ಕಾಲ, ತೆಗೆದ ವಿಧಾನ ಬದಲಾದರೆ ಸರಪಳಿಯ ಉದ್ದ, ಸಲ್ಫೇಟಿನ ಪ್ರಮಾಣ ಎಲ್ಲ ಬದಲು. ಒಂದು ಪೇಪರಿನ ಫ್ಯೂಕೊಯ್ಡಾನ್ ಮಾಡಿದ್ದನ್ನು ಇನ್ನೊಂದು ಡಬ್ಬಿಯ ಫ್ಯೂಕೊಯ್ಡಾನ್ ಮಾಡುತ್ತದೆ ಅಂತ ಯಾರೂ ಗ್ಯಾರಂಟಿ ಕೊಡಲಾರರು. ಮೇಲಾಗಿ ಅಷ್ಟು ದೊಡ್ಡ ಅಣು ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ.

ಮನುಷ್ಯರ ಮೇಲೆ ಪರೀಕ್ಷೆ ನಡೆದೇ ಇಲ್ಲ ಅಂತಲ್ಲ, ನಡೆದಿವೆ. ಎಲ್ಲ ಸಣ್ಣವು. ಜಪಾನಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ 20 ಜನರಿಗೆ ಕೀಮೋ ಕೊಡುವಾಗ, ಫ್ಯೂಕೊಯ್ಡಾನ್ ತೆಗೆದುಕೊಂಡವರಿಗೆ ಸುಸ್ತು ಕಡಿಮೆ ಅನ್ನಿಸಿತು ಅಂತ 2011ರಲ್ಲಿ ವರದಿ ಬಂತು. ತೈವಾನಿನಲ್ಲಿ 54 ಜನರ ಮೇಲೆ, ಕೀಮೋ ಜೊತೆಗೇ ಕೊಟ್ಟು ನೋಡಿದ್ದು 2017ರಲ್ಲಿ ಪ್ರಕಟವಾಯಿತು. ರೋಗ ಹತೋಟಿಯಲ್ಲಿ ಉಳಿದವರ ಪ್ರಮಾಣ ಆ ಗುಂಪಿನಲ್ಲಿ ಜಾಸ್ತಿ ಇತ್ತು. ಆಯಸ್ಸು ಹೆಚ್ಚಿತು ಅಂತ ಖಚಿತವಾಗಿ ತೋರಿಸಲಾಗಲಿಲ್ಲ. ಇದನ್ನು ನಾನು ತಳ್ಳಿಹಾಕುವುದಿಲ್ಲ. ಇದರ ಮೇಲೆ ದೊಡ್ಡ ಪರೀಕ್ಷೆ ನಡೆಯಲೇಬೇಕು. ಎರಡೂ ಕಡೆ ರೋಗಿಗಳು ಕೀಮೋ ತೆಗೆದುಕೊಳ್ಳುತ್ತಲೇ ಇದ್ದರು ಅನ್ನುವುದನ್ನು ಮಾತ್ರ ಫಾರ್ವರ್ಡ್ ಮಾಡುವವರು ಬಿಟ್ಟುಬಿಡುತ್ತಾರೆ.

ಹಾಸನದವಳು:

ಅಕ್ಕ, ಡಾಕ್ಟ್ರೇ, ಇಬ್ಬರನ್ನೂ ಕೇಳುತ್ತಿದ್ದೇನೆ. ಅಮ್ಮನಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿದೆ, ಕೀಮೋ ಮುಗಿದಿದೆ, ಈಗ ಹಾರ್ಮೋನ್ ತಗ್ಗಿಸುವ ಲೆಟ್ರೊಜೋಲ್ ಮಾತ್ರೆ ನಡೆಯುತ್ತಿದೆ. ದೊಡ್ಡಪ್ಪ ಪ್ರೀತಿಯಿಂದಲೇ ಫ್ಯೂಕೊಯ್ಡಾನ್ ಕ್ಯಾಪ್ಸೂಲ್ ಡಬ್ಬಿ ತಂದುಕೊಟ್ಟಿದ್ದಾರೆ. ದುಡ್ಡು ತುಂಬಾ ಖರ್ಚು ಮಾಡಿದ್ದಾರೆ, ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಅಮ್ಮನಿಗೆ ಹೃದಯದ ತೊಂದರೆ ಇರುವುದರಿಂದ ರಕ್ತ ತೆಳುವಾಗಿಸುವ ಮಾತ್ರೆಯೂ ಇದೆ. ಕೊಡಬಹುದಾ?

ವಾರ್ಡ್ ಡ್ಯೂಟಿ:

ಸದ್ಯಕ್ಕೆ ಕೊಡಬೇಡಿ. ಡಬ್ಬಿ ಹಾಗೇ ಇರಲಿ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಕೈಯಲ್ಲಿ ಹಿಡಿದುಕೊಂಡು ಹೋಗಿ. ಕಾರಣ ಹೇಳುತ್ತೇನೆ.

ಫ್ಯೂಕೊಯ್ಡಾನಿನ ರಚನೆ ಹೆಪಾರಿನ್‌ಗೆ ಹತ್ತಿರ. ಹೆಪಾರಿನ್ ಅಂದರೆ ರಕ್ತ ಹೆಪ್ಪುಗಟ್ಟದಂತೆ ನಾವು ಕೊಡುವ ಇಂಜೆಕ್ಷನ್. ಫ್ಯೂಕೊಯ್ಡಾನಿಗೂ ಲ್ಯಾಬ್‌ನಲ್ಲಿ ಅದೇ ಗುಣ ಕಂಡಿದೆ. ನಿಮ್ಮ ಅಮ್ಮನಿಗೆ ಈಗಾಗಲೇ ರಕ್ತ ತೆಳುವಾಗಿಸುವ ಮಾತ್ರೆ ಇದೆ. ಅದರ ಮೇಲೆ ಇದನ್ನು ಸೇರಿಸುವ ಮೊದಲು ಡಾಕ್ಟರಿಗೆ ಗೊತ್ತಾಗಲೇಬೇಕು. ಮಾತ್ರೆ ವಾರ್ಫರಿನ್ ಆಗಿದ್ದರೆ ಇನ್ನೊಂದು ತೊಡಕಿದೆ. ಇಡೀ ಪಾಚಿಯ ಪುಡಿಯಲ್ಲಿ ವಿಟಮಿನ್ ಕೆ ಇರುತ್ತದೆ, ಅದು ವಾರ್ಫರಿನ್ ಕೆಲಸವನ್ನು ತಗ್ಗಿಸುತ್ತದೆ. ಒಂದು ಕಡೆ ಎಳೆತ, ಇನ್ನೊಂದು ಕಡೆ ತಡೆ. ಅಂದಾಜಿನಲ್ಲಿ ಆಡುವ ಆಟ ಅಲ್ಲ ಇದು.

ಲೆಟ್ರೊಜೋಲ್ ವಿಚಾರಕ್ಕೆ ಬಂದರೆ, ಆಸ್ಟ್ರೇಲಿಯಾದಲ್ಲಿ ಸ್ತನ ಕ್ಯಾನ್ಸರಿನ 20 ಜನರ ಮೇಲೆ 3 ವಾರ ನೋಡಿದಾಗ, ಫ್ಯೂಕೊಯ್ಡಾನ್ ಜೊತೆ ಕೊಟ್ಟರೂ ರಕ್ತದಲ್ಲಿ ಲೆಟ್ರೊಜೋಲ್, ಸ್ತನ ಕ್ಯಾನ್ಸರಿಗೇ ಕೊಡುವ ಇನ್ನೊಂದು ಮಾತ್ರೆ ಟಾಮೊಕ್ಸಿಫೆನ್ ಇವುಗಳ ಮಟ್ಟ ಅಷ್ಟೇನೂ ಬದಲಾಗಲಿಲ್ಲ ಅಂತ 2018ರಲ್ಲಿ ಬಂತು. ಅದು ಅಡ್ಡಿ ಮಾಡಲಿಲ್ಲ ಅನ್ನುವ ಮಾತು. ಕ್ಯಾನ್ಸರ್ ವಾಪಸ್ ಬರದಂತೆ ತಡೆಯಿತು ಅನ್ನುವ ಮಾತಲ್ಲ. ಲೆಟ್ರೊಜೋಲ್ ಮಾತ್ರ ಯಾವ ಕಾರಣಕ್ಕೂ ಒಂದು ದಿನವೂ ತಪ್ಪಬಾರದು.

ಬೇರೆಯವರಿಗೂ ಒಂದು ಮಾತು. ಥೈರಾಯ್ಡ್ ಕ್ಯಾನ್ಸರಿಗೆ ರೇಡಿಯೋ ಅಯೋಡಿನ್ ತೆಗೆದುಕೊಳ್ಳುವವರು ಪಾಚಿಯನ್ನು, ಪಾಚಿಯ ಕ್ಯಾಪ್ಸೂಲನ್ನು ಮುಟ್ಟಲೇಬಾರದು. ಆ ಚಿಕಿತ್ಸೆಗೆ ಮೊದಲು ಒಂದೆರಡು ವಾರ ಊಟದ ಅಯೋಡಿನ್ನನ್ನು ದಿನಕ್ಕೆ 50 ಮೈಕ್ರೋಗ್ರಾಂ ಒಳಗೆ ಇಳಿಸುತ್ತೇವೆ. ಉಳಿದ ಥೈರಾಯ್ಡ್ ಕೋಶಗಳು ಅಯೋಡಿನ್‌ಗಾಗಿ ಹಸಿದಿರಬೇಕು, ಆಗಲೇ ವಿಕಿರಣದ ಅಯೋಡಿನ್ನನ್ನು ಹೀರಿಕೊಳ್ಳುತ್ತವೆ. ಜಪಾನಿನವರು ತಿನ್ನುವ ಕೊಂಬು ಅನ್ನುವ ಪಾಚಿ ಒಣಗಿದ್ದರ ಒಂದೇ ಗ್ರಾಂನಲ್ಲಿ 2000 ಮೈಕ್ರೋಗ್ರಾಂಗಿಂತ ಜಾಸ್ತಿ ಅಯೋಡಿನ್ ಇರಬಹುದು. ಮಾಮೂಲಿಯಾಗಿ ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150. ಹಿಜಿಕಿ ಅನ್ನುವ ಪಾಚಿಯಲ್ಲಿ ವಿಷಕಾರಿ ಆರ್ಸೆನಿಕ್ ಇದೆ, ತಿನ್ನಬೇಡಿ ಅಂತ ಬ್ರಿಟನ್ನಿನ ಆಹಾರ ಸಂಸ್ಥೆ 2004ರಲ್ಲೇ ಹೇಳಿದೆ.

ದೊಡ್ಡಪ್ಪನಿಗೆ ಏನು ಹೇಳುವುದು ಅಂದರೆ, ಡಾಕ್ಟರ್ ನೋಡಿ ಹೇಳುವ ತನಕ ಎತ್ತಿಟ್ಟಿದ್ದೇವೆ ಅಂತ ಹೇಳಿ. ಸಾಧ್ಯವಾದರೆ ಆ ದಿನ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ನಮ್ಮ ಬಾಯಿಂದಲೇ ಕೇಳಿದರೆ ಹಿರಿಯರು ಒಪ್ಪುತ್ತಾರೆ.

ಹಾಸನದವಳು:

ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಡಬ್ಬಿ ಮೇಲೆ ಯಾವ ಪಾಚಿ ಅಂತಲೇ ಬರೆದಿಲ್ಲ, ಈಗ ನೋಡಿದೆ. ದೊಡ್ಡಪ್ಪನನ್ನು ಕರೆದುಕೊಂಡೇ ಹೋಗುತ್ತೇನೆ.

ಮೆಡಿಕಲ್ ಶಾಪ್ ದಾವಣಗೆರೆ:

ಕೌಂಟರಿನ ಈ ಕಡೆಯಿಂದ ಒಂದು ಮಾತು. ಕ್ಯಾನ್ಸರ್ ವಾಸಿ ಮಾಡುತ್ತದೆ ಅಂತ ಜಾಹೀರಾತು ಕೊಡುವುದೇ ಅಪರಾಧ. 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆಯ ಪಟ್ಟಿಯಲ್ಲಿ ಕ್ಯಾನ್ಸರ್ ಹೆಸರು ಇದೆ. ಅದಕ್ಕೇ ಡಬ್ಬಿಯ ಮೇಲೆ ಜಾಣತನದಿಂದ ರೋಗನಿರೋಧಕ ಶಕ್ತಿಗೆ ಅಂತ ಅಷ್ಟೇ ಬರೆದು, ಕ್ಯಾನ್ಸರ್ ಮಾತನ್ನು ಬಾಯಲ್ಲಿ ಹೇಳುತ್ತಾರೆ. ನಾನು ಗಿರಾಕಿಗಳಿಗೆ ಹೇಳುವುದು ಲೇಬಲ್ ಓದಿ ಅಂತ. ಫುಡ್ ಲೈಸೆನ್ಸ್ ನಂಬರ್ ಇದ್ದರೆ ಅದು ಆಹಾರ, ಔಷಧಿ ಅಲ್ಲ. ಯಾವ ಜಾತಿಯ ಪಾಚಿ, ಒಂದು ಕ್ಯಾಪ್ಸೂಲಿನಲ್ಲಿ ಎಷ್ಟು ಮಿಲಿಗ್ರಾಂ, ಅಯೋಡಿನ್ ಎಷ್ಟು ಅನ್ನುವುದು ಇಲ್ಲದಿದ್ದರೆ ನಾನಂತೂ ಇಟ್ಟುಕೊಳ್ಳುವುದಿಲ್ಲ.

ಶಿರಸಿ ಕಾಡು:

ಉಪ್ಪುನೀರು ಅವರು ಹೇಳಿದ ಸಾಕಷ್ಟು ಸಿಗಬೇಕು ಅನ್ನುವ ಮಾತು ನಮ್ಮ ಘಟ್ಟಕ್ಕೆ ಚೆನ್ನಾಗಿ ಗೊತ್ತು. ಕ್ಯಾಂಪ್ಟೊಥೆಸಿನ್ ಅನ್ನುವ ಅಣುವನ್ನು 1966ರಲ್ಲಿ ಅಮೆರಿಕದಲ್ಲಿ ವಾಲ್ ಮತ್ತು ವಾನಿ ಅನ್ನುವ ವಿಜ್ಞಾನಿಗಳು ಚೀನಾದ ಒಂದು ಮರದಿಂದ ಪತ್ತೆ ಮಾಡಿದರು. 1972ರಲ್ಲಿ ಅದು ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲೂ ಇದೆ ಅಂತ ಗೊತ್ತಾಯಿತು. ಅದರಿಂದ ಹುಟ್ಟಿದ ಟೊಪೊಟೆಕಾನ್, ಇರಿನೊಟೆಕಾನ್ ಅನ್ನುವ ಕ್ಯಾನ್ಸರ್ ಔಷಧಿಗಳು 1996ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದವು. ಜನರಿಗೆ ಉಪಯೋಗವಾಯಿತು, ಅದು ಸಂತೋಷವೇ. ಆದರೆ ಕಾಡಿನಲ್ಲಿ ಆ ಮರಗಳನ್ನು ಬುಡಸಮೇತ ಕಡಿದು ಚಕ್ಕೆ ಮಾಡಿ ಲಾರಿಗೆ ತುಂಬಿದರು. ಈಗ ದೊಡ್ಡ ಮರ ಕಾಣುವುದೇ ಕಷ್ಟ. ಪಾಚಿಗೂ ಇದೇ ಗತಿ ಬರಬಾರದು.

ಉಪ್ಪುನೀರು:

ಶಿರಸಿಯವರೇ, ಇದನ್ನು ಎತ್ತಿದ್ದಕ್ಕೆ ನಿಜವಾಗಿ ಖುಷಿಯಾಯಿತು. ಕ್ಯಾಂಪ್ಟೊಥೆಸಿನ್ ಕೂಡ ಇದ್ದ ಹಾಗೇ ಔಷಧಿ ಆಗಲಿಲ್ಲ. 1970ರ ದಶಕದ ಪರೀಕ್ಷೆಗಳಲ್ಲಿ ಅಡ್ಡ ಪರಿಣಾಮ ಜಾಸ್ತಿಯಾಗಿ ನಿಲ್ಲಿಸಬೇಕಾಯಿತು. ಅಣುವನ್ನು ಸ್ವಲ್ಪ ತಿದ್ದಿದ ಮೇಲೆ ಕೆಲಸಕ್ಕೆ ಬಂತು. ಕಡಲಿನ ಕಡೆ ಇದಕ್ಕಿಂತ ದೊಡ್ಡ ಕಥೆ ಡೋಲಾಸ್ಟಾಟಿನ್ ಅನ್ನುವ ಅಣುವಿನದು. ಈ ಚರ್ಚೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಅದೇ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಮೆರಿಕದ ಅರಿಜೋನಾದಲ್ಲಿದ್ದ ಜಾರ್ಜ್ ಪೆಟಿಟ್ ಅವರ ತಂಡ 1972ರಲ್ಲಿ ಮಾರಿಷಸ್ ಕಡಲಿನಿಂದ ಡೊಲಾಬೆಲ್ಲಾ ಅನ್ನುವ ಕಡಲ ಮೊಲವನ್ನು ಸಂಗ್ರಹಿಸಿತು. ಹೆಸರು ಮೊಲ, ನಿಜದಲ್ಲಿ ಚಿಪ್ಪು ಹೊರಗೆ ಕಾಣದ ದೊಡ್ಡ ಬಸವನಹುಳು. ಅದರ ಸಾರ ಕ್ಯಾನ್ಸರ್ ಕೋಶಗಳ ಮೇಲೆ ಜೋರಾಗಿ ಕೆಲಸ ಮಾಡಿತು. ಅಣು ಎಷ್ಟು ಕಡಿಮೆ ಇತ್ತೆಂದರೆ ರಾಶಿ ರಾಶಿ ಹುಳು ಅರೆದರೆ ಸಿಗುತ್ತಿದ್ದುದು ಮಿಲಿಗ್ರಾಂ ಲೆಕ್ಕದಲ್ಲಿ. ಡೋಲಾಸ್ಟಾಟಿನ್ 10ರ ರಚನೆ ಹೊರಬರಲು 1987 ಆಗಬೇಕಾಯಿತು. ಕೋಶ ಎರಡಾಗುವಾಗ ಒಳಗೆ ಟ್ಯುಬುಲಿನ್ ಅನ್ನುವ ಪ್ರೋಟೀನಿನ ಎಳೆಗಳು ಜೋಡಣೆಯಾಗುತ್ತವೆ. ಈ ಅಣು ಆ ಜೋಡಣೆಯನ್ನೇ ತಡೆಯುತ್ತದೆ. ಆದರೆ ರೋಗಿಗಳಿಗೆ ಕೊಟ್ಟಾಗ ಗೆಡ್ಡೆ ಕರಗುವಷ್ಟು ಪ್ರಮಾಣ ಕೊಡಲಾಗಲಿಲ್ಲ, ಅಷ್ಟು ಕೊಟ್ಟರೆ ಮೈ ತಡೆಯುತ್ತಿರಲಿಲ್ಲ. ಎರಡನೇ ಹಂತದ ಪರೀಕ್ಷೆಯಲ್ಲಿ ಅದು ಸೋತಿತು.

ಅಲ್ಲಿಗೆ ಬಿಟ್ಟಿದ್ದರೆ ಹ್ಯಾಲೊಮಾನಿನ ಹಾಗೇ ಆಗುತ್ತಿತ್ತು. ಬಿಡಲಿಲ್ಲ. ಅದರ ಸಂಬಂಧಿ ಅಣುವೊಂದನ್ನು ಲ್ಯಾಬ್‌ನಲ್ಲೇ ಪೂರ್ತಿ ಕಟ್ಟಿದರು, ಎಂಎಂಎಇ ಅಂತ ಹೆಸರು. ಹುಳುವಿನ ಹಂಗು ತಪ್ಪಿತು. ಆ ಅಣುವನ್ನು ಒಂದು ಪ್ರತಿಕಾಯಕ್ಕೆ, ಅಂದರೆ ನಿರ್ದಿಷ್ಟ ಗುರುತನ್ನೇ ಹುಡುಕಿ ಹಿಡಿಯುವ ಪ್ರೋಟೀನಿಗೆ, ಕಟ್ಟಿದರು. ಹಾಡ್ಜ್‌ಕಿನ್ ಲಿಂಫೋಮಾ ಅನ್ನುವ ದುಗ್ಧಗ್ರಂಥಿ ಕ್ಯಾನ್ಸರಿನ ಕೋಶಗಳ ಮೈಮೇಲೆ ಸಿಡಿ30 ಅನ್ನುವ ಗುರುತು ಇರುತ್ತದೆ. ಪ್ರತಿಕಾಯ ಆ ಗುರುತನ್ನು ಹಿಡಿಯುತ್ತದೆ, ಕೋಶ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಒಳಗಿನ ಕಿಣ್ವ ಕಟ್ಟನ್ನು ಕತ್ತರಿಸುತ್ತದೆ, ವಿಷ ಅಲ್ಲೇ ಬಿಡುಗಡೆಯಾಗುತ್ತದೆ. ಬ್ರೆಂಟುಕ್ಸಿಮ್ಯಾಬ್ ವೆಡೋಟಿನ್ ಅನ್ನುವ ಈ ಔಷಧಿಗೆ ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ಎಂಎಂಎಇಯನ್ನು ಬೇರೆ ಬೇರೆ ಪ್ರತಿಕಾಯಕ್ಕೆ ಕಟ್ಟಿ 2019ರಲ್ಲಿ ಮೂತ್ರಕೋಶದ ಕ್ಯಾನ್ಸರಿಗೆ, ಇನ್ನೊಂದು ಬಗೆಯ ಲಿಂಫೋಮಾಕ್ಕೆ, 2021ರಲ್ಲಿ ಗರ್ಭಕೊರಳಿನ ಕ್ಯಾನ್ಸರಿಗೆ ಔಷಧಿ ಬಂದವು. ಸಾಮಾನ್ಯ ಕೋಶಗಳಿಗೆ ಏನೂ ಆಗುವುದಿಲ್ಲ ಅಂತಲ್ಲ. ಕೈಕಾಲು ಜೋಮು, ರಕ್ತಕಣ ಇಳಿಯುವುದು ಇದ್ದೇ ಇದೆ. ಬೆಲೆಯೂ ಬಡವರ ಕೈಗೆ ಎಟುಕುವುದಲ್ಲ, ಅದು ನನಗೆ ಯಾವಾಗಲೂ ನೋವಿನ ಸಂಗತಿ.

ಇಲ್ಲಿ ಪಾಚಿ ಎಲ್ಲಿ ಬಂತು ಅಂತೀರಾ? 2001ರಲ್ಲಿ ಪಲಾವು ದ್ವೀಪದ ಕಡಲಿನ ಸಿಂಪ್ಲೋಕಾ ಅನ್ನುವ ನೀಲಿಹಸಿರು ಪಾಚಿಯಲ್ಲಿ ಡೋಲಾಸ್ಟಾಟಿನ್ 10 ಸಿಕ್ಕಿತು. ಕಡಲ ಮೊಲ ಅದನ್ನು ಮಾಡುವುದಲ್ಲ, ಮೇಯ್ದು ಮೈಯಲ್ಲಿ ತುಂಬಿಕೊಳ್ಳುವುದು.

ಧಾರವಾಡ ಎಂಎಸ್ಸಿ:

ಆದರೆ ಮೇಡಂ, ನೀಲಿಹಸಿರು ಪಾಚಿ ಅಂದರೆ ಬ್ಯಾಕ್ಟೀರಿಯಾ ಅಲ್ವಾ? ಕಡಲಪಾಚಿ ಅಂತ ಲೆಕ್ಕಕ್ಕೆ ತೆಗೆದುಕೊಳ್ಳಬಹುದಾ?

ಉಪ್ಪುನೀರು:

ಸರಿಯಾಗಿ ಹಿಡಿದೆ. ಅದು ಬ್ಯಾಕ್ಟೀರಿಯಾವೇ. ಇದನ್ನೇ ಇನ್ನೂ ಆಳಕ್ಕೆ ಒಯ್ಯುವ ಒಂದು ಉದಾಹರಣೆ ಇದೆ. ಹವಾಯಿಯ ಎಲೀಸಿಯಾ ಅನ್ನುವ ಕಡಲ ಹುಳುವಿನಿಂದ ಕಹಲಲೈಡ್ ಎಫ್ ಅನ್ನುವ ಅಣು 1993ರಲ್ಲಿ ಸಿಕ್ಕಿತು. ಆ ಹುಳು ಬ್ರಯಾಪ್ಸಿಸ್ ಅನ್ನುವ ಹಸಿರು ಪಾಚಿ ತಿನ್ನುತ್ತದೆ, ಪಾಚಿಯಲ್ಲೂ ಅದೇ ಅಣು ಇತ್ತು. ಎಲ್ಲರೂ ಪಾಚಿಯೇ ಮಾಡುತ್ತದೆ ಅಂದುಕೊಂಡರು. 2019ರಲ್ಲಿ ಗೊತ್ತಾಯಿತು, ಪಾಚಿಯ ಕೋಶದೊಳಗೆ ವಾಸ ಮಾಡುವ ಒಂದು ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತದೆ ಅಂತ. ಪಾಚಿಗೆ ಮೀನುಗಳಿಂದ ರಕ್ಷಣೆ, ಬ್ಯಾಕ್ಟೀರಿಯಾಕ್ಕೆ ಮನೆ. ಕಹಲಲೈಡ್ ಎಫ್ ರೋಗಿಗಳ ಪರೀಕ್ಷೆಯ ಎರಡನೇ ಹಂತದ ತನಕ ಹೋಯಿತು. ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರಿನಂಥದ್ದರಲ್ಲಿ ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ, ನಿಂತುಹೋಯಿತು.

ಇದರಿಂದ ನಮ್ಮ ಕೆಲಸದ ದಾರಿಯೇ ಬದಲಾಗುತ್ತದೆ. ಪಾಚಿ ಕಿತ್ತು ಅರೆಯುವ ಬದಲು, ಅಣು ಮಾಡುವ ಜೀನ್‌ಗಳನ್ನು ಪತ್ತೆ ಮಾಡಿ ಲ್ಯಾಬ್‌ನಲ್ಲಿ ಬೆಳೆಯುವ ಸೂಕ್ಷ್ಮಜೀವಿಯೊಳಗೆ ಇಡಲು ಪ್ರಯತ್ನಿಸಬಹುದು. ಬಂಡೆ ಬೋಳಾಗುವುದಿಲ್ಲ, ಪ್ರತಿ ಸಲ ಒಂದೇ ಅಣು ಸಿಗುತ್ತದೆ.

ವಾರ್ಡ್ ಡ್ಯೂಟಿ:

ಓದುವವರಿಗೆ ಕಡಲಿನಿಂದ ಬರೀ ಸೋಲು ಅಂತ ಅನ್ನಿಸಬಾರದು. ಲ್ಯುಕೇಮಿಯಾ ಅನ್ನುವ ರಕ್ತ ಕ್ಯಾನ್ಸರಿಗೆ ನಾವು ಮಾಮೂಲಿಯಾಗಿ ಕೊಡುವ ಸೈಟರಾಬಿನ್‌ಗೆ ಸ್ಫೂರ್ತಿ ಕೆರಿಬಿಯನ್ ಕಡಲಿನ ಸ್ಪಂಜಿನಲ್ಲಿ 1950ರ ದಶಕದ ಶುರುವಿನಲ್ಲಿ ಸಿಕ್ಕ ಅಣುಗಳು. 1969ರಿಂದ ಅದು ಬಳಕೆಯಲ್ಲಿದೆ. ಸ್ತನ ಕ್ಯಾನ್ಸರಿಗೆ ಕೊಡುವ ಎರಿಬುಲಿನ್ ಕೂಡ ಜಪಾನಿನ ಸ್ಪಂಜಿನ ಅಣುವಿನಿಂದ ಬಂದದ್ದು, 2010ರಲ್ಲಿ ಒಪ್ಪಿಗೆಯಾಯಿತು. ಇವೆಲ್ಲ ಕಾರ್ಖಾನೆಯಲ್ಲಿ ತಯಾರಾಗುವ, ತೂಕ ಮಾಡಿ ಕೊಡುವ, ರಕ್ತ ಪರೀಕ್ಷೆ ನೋಡಿಕೊಂಡು ಪ್ರಮಾಣ ಬದಲಿಸುವ ಔಷಧಿಗಳು.

ಬಂಡೆಬುಡ:

ಮೇಡಂ, ಹಾಗಾದರೆ ನಮ್ಮ ಕಡೆಯ ಪಾಚಿಯನ್ನು ಯಾರಾದರೂ ಹೀಗೆ ಕೂತು ನೋಡಿದ್ದಾರಾ? ನಮ್ಮಿಂದ ಏನಾದರೂ ಉಪಯೋಗ ಆಗುತ್ತದಾ? ಬಂಡೆ ಬೋಳಿಸದೆ.

ಉಪ್ಪುನೀರು:

ಆಗುತ್ತದೆ ಅಣ್ಣ, ತುಂಬಾ ಆಗುತ್ತದೆ. ಕೊಚ್ಚಿಯ ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಪಾಚಿಗಳ ರಸಾಯನದ ಮೇಲೆ ಕೆಲಸ ಮಾಡುತ್ತಾರೆ. ಕೀಲುನೋವು, ಸಕ್ಕರೆ ಕಾಯಿಲೆಗಳಿಗೆ ಅಂತ ಪಾಚಿಯ ಸಾರಗಳನ್ನು ಹೊರತಂದಿದ್ದಾರೆ. ಅವರ ಕೇಂದ್ರ ಕಾರವಾರದಲ್ಲೂ ಇದೆ, ಮಂಗಳೂರಿನಲ್ಲೂ ಇದೆ.

ಹ್ಯಾಲೊಮಾನ್ ಮತ್ತೆ ಸಿಗದೆ ಹೋದದ್ದು ಯಾವ ಜಾಗ, ಯಾವ ಕಾಲ, ಯಾವ ಹಂತ ಅನ್ನುವುದರ ಮೇಲೆ ರಸಾಯನ ಬದಲಾಗಿದ್ದಕ್ಕೆ. ಆ ಮಾಹಿತಿ ದಿನಾ ನೀರಿಗೆ ಇಳಿಯುವವರ ಹತ್ತಿರ ಇರುತ್ತದೆ. ಯಾವ ಬಂಡೆಯಲ್ಲಿ ಯಾವ ತಿಂಗಳು ಯಾವ ಪಾಚಿ ಬರುತ್ತದೆ, ಮೀನು ಯಾವುದನ್ನು ಮೇಯುತ್ತದೆ, ಯಾವುದನ್ನು ಮೂಸಿ ಬಿಡುತ್ತದೆ, ಯಾವುದನ್ನು ಹಿಸುಕಿದರೆ ಘಾಟು ಬರುತ್ತದೆ ಅಂತ ನೋಡಿ ಬರೆದಿಡಿ. ಮೀನು ಮುಟ್ಟದ ಪಾಚಿಯೇ ನಮಗೆ ಮೊದಲು ಬೇಕಾದದ್ದು. ನೀರಿನಲ್ಲಿ ಇರುವಾಗಲೇ ಒಂದು ಫೋಟೋ, ಬುಡ ಕಾಣುವ ಹಾಗೆ ಇನ್ನೊಂದು, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ತೆಗೆಯಿರಿ. ತಾರೀಕು, ಇಳಿತದ ಹೊತ್ತು ಬರೆಯಿರಿ. ಕೀಳುವುದು ಬೇಡ. ಮಾದರಿ ಬೇಕಾದರೆ ಸಂಸ್ಥೆಯವರೇ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಬಂದು ತೆಗೆಯಬೇಕು. ಮುಂದೆ ಲಾಭ ಬಂದರೆ ಊರಿನವರಿಗೂ ಪಾಲು ಸಿಗಬೇಕು ಅನ್ನುವುದು 2002ರ ಆ ಕಾಯ್ದೆಯಲ್ಲೇ ಇದೆ.

ಬಂಡೆಬುಡ:

ಘಾಟು ಬರುವ ಕೆಂಪು ಪಾಚಿ ಒಂದು ಉಂಟು, ದ್ವೀಪದ ಕಡೆ, ಸ್ವಲ್ಪ ಆಳದಲ್ಲಿ. ಈ ಸಲ ನೀರು ತಿಳಿಯಾದಾಗ ಫೋಟೋ ತೆಗೆದು ಇಲ್ಲೇ ಹಾಕುತ್ತೇನೆ. ತುದಿ ಸುರುಳಿ ಸುತ್ತಿದೆಯಾ ಅಂತಲೂ ನೋಡುತ್ತೇನೆ.